ಹಿತ್ತಿಲಲ್ಲೊಂದು ಮನೆ: ಕ್ಯಾಲಿಫೋರ್ನಿಯಾದ ಕಾನೂನು ಎಲ್ಲಿಯವರೆಗೆ ಜೊತೆಗಿರುತ್ತದೆ?

ಕ್ಯಾಲಿಫೋರ್ನಿಯಾದಲ್ಲಿ ಯಾರಾದರೂ ಹಿತ್ತಿಲಲ್ಲಿ ಒಂದು ಚಿಕ್ಕ ಮನೆ ಕಟ್ಟಲು ಹೊರಟರೆ ಮೊದಲು ಕಿವಿಗೆ ಬೀಳುವ ಮಾತು, "ನಿಮ್ಮ ಲಾಟ್ ಚಿಕ್ಕದು, ಸಿಟಿ ಒಪ್ಪೋದಿಲ್ಲ" ಎಂಬುದು. ಅಕ್ಕಪಕ್ಕದವರು ಹೇಳುತ್ತಾರೆ, ಏಜೆಂಟರು ಹೇಳುತ್ತಾರೆ. ಒಮ್ಮೊಮ್ಮೆ ಪ್ಲಾನಿಂಗ್ ಕೌಂಟರಿನಲ್ಲಿ ಕೂತವರೂ ಹಳೆಯ ನೆನಪಿನಿಂದ ಹೇಳಿಬಿಡುತ್ತಾರೆ. 2020ರ ಜನವರಿ 1ರಿಂದ ಈ ಮಾತು ಸುಳ್ಳು. ವಸತಿ ವಲಯದಲ್ಲಿ ಮನೆಯಿರುವ ಲಾಟಿಗೆ ಎಡಿಯು (ಆಕ್ಸೆಸರಿ ಡ್ವೆಲಿಂಗ್ ಯೂನಿಟ್, ಅಂದರೆ ಇಂಥ ಎರಡನೆಯ ಚಿಕ್ಕ ಮನೆ) ಕಟ್ಟಲು ಇಷ್ಟೇ ಅಳತೆಯ ಜಾಗ ಇರಬೇಕೆಂದು ಹೇಳುವ ಅಧಿಕಾರವನ್ನು ರಾಜ್ಯ ಸಿಟಿಗಳಿಂದ ಕಿತ್ತುಕೊಂಡಿದೆ.

ಇದಕ್ಕೆ ಎದುರಾದ ಇನ್ನೊಂದು ಮಾತೂ ಚಲಾವಣೆಯಲ್ಲಿದೆ: "ಈಗ ಕಾನೂನು ನಮ್ಮ ಕಡೆ, ಏನು ಬೇಕಾದರೂ ಕಟ್ಟಬಹುದು." ದುಡ್ಡು ಕಳೆದುಕೊಂಡವರಲ್ಲಿ ಹೆಚ್ಚಿನವರು ಈ ಎರಡನೆಯ ಮಾತನ್ನು ನಂಬಿದವರು. ವಲಯ ನಿಯಮ (ಎಲ್ಲಿ ಏನು, ಎಷ್ಟು ಕಟ್ಟಬಹುದೆಂಬ ನಿಯಮ) ಬಿಟ್ಟುಕೊಟ್ಟ ಜಾಗದಲ್ಲಿ ಬೆಂಕಿ ತಡೆಯುವ ಗೋಡೆ, ಸೀವರ್ (ಒಳಚರಂಡಿ) ಪೈಪಿನ ಇಳಿಜಾರು, ವಿದ್ಯುತ್ ಪ್ಯಾನೆಲ್ಲಿನ ಶಕ್ತಿ ಬಂದು ಕೂರುತ್ತವೆ. ರಾಜ್ಯದ ಕಾಯ್ದೆ ಎಲ್ಲಿಯವರೆಗೆ ಕೈಹಿಡಿದು ನಡೆಸುತ್ತದೆ, ಎಲ್ಲಿ ಕೈಬಿಡುತ್ತದೆ ಎಂಬುದನ್ನು ನಕ್ಷೆ ಬರೆಸುವ ಮೊದಲೇ ತಿಳಿದಿರಬೇಕು.

ಪ್ರತಿ ಅಂಕಿಯ ಹಿಂದೆ ಒಂದು ಹಳೆಯ ಅಡ್ಡಗಾಲು

ಎಡಿಯು ಎಂದರೆ ಒಂದೇ ಲಾಟಿನಲ್ಲಿ ಮುಖ್ಯ ಮನೆಯ ಜೊತೆಗಿರುವ, ತನ್ನದೇ ಅಡುಗೆಮನೆ, ಬಚ್ಚಲು, ಮಲಗುವ ಜಾಗ ಮತ್ತು ಬಾಗಿಲು ಹೊಂದಿದ ಇನ್ನೊಂದು ವಾಸದ ಮನೆ. ಇದಕ್ಕೆ ಕ್ಯಾಲಿಫೋರ್ನಿಯಾದಲ್ಲಿ ಕಾನೂನು ಬಂದದ್ದು 1982ರಲ್ಲೇ. ಆದರೂ ಮೂರು ದಶಕ ಹೆಚ್ಚೇನೂ ಕಟ್ಟಲಾಗಲಿಲ್ಲ. ಸಿಟಿಗಳು "ಇಲ್ಲ" ಎನ್ನಬೇಕಾಗಿಯೇ ಇರಲಿಲ್ಲ. ಲಾಟ್ ಇಷ್ಟು ದೊಡ್ಡದಿರಲಿ, ಎರಡು ಕಾರಿಗೆ ಮುಚ್ಚಿದ ಜಾಗ ಕೊಡಿ, ಮಾಲೀಕರು ಅಲ್ಲೇ ವಾಸವಿರಲಿ, ನೆರೆಹೊರೆಯವರ ಅಹವಾಲು ಕೇಳೋಣ, ಹತ್ತಾರು ಸಾವಿರ ಡಾಲರ್ ಶುಲ್ಕ ಕಟ್ಟಿ ಎಂದರೆ ಸಾಕಾಗಿತ್ತು. ರಾಜ್ಯ ಶಾಸನಸಭೆಯ ಮಸೂದೆಗಳಾದ (ಎಸ್‌ಬಿ ಎಂದರೆ ಸೆನೆಟ್‌ನದು, ಎಬಿ ಎಂದರೆ ಅಸೆಂಬ್ಲಿಯದು) 2016ರಲ್ಲಿ ಅಂಗೀಕಾರವಾದ ಎಸ್‌ಬಿ 1069 ಮತ್ತು ಎಬಿ 2299, 2019ರ ಎಬಿ 68, ಎಬಿ 881, ಎಸ್‌ಬಿ 13, ಆಮೇಲಿನ ಹತ್ತಾರು ತಿದ್ದುಪಡಿಗಳು, ಇವೆಲ್ಲ ಇಂಥ ಒಂದೊಂದು ಅಡ್ಡಗಾಲಿಗೆ ಕೊಟ್ಟ ಒಂದೊಂದು ಉತ್ತರ. ಹಾಗೆ ಓದಿದರೆ ಕಾಯ್ದೆಯ ಅಂಕಿಗಳು ನೆನಪಿನಲ್ಲೂ ಉಳಿಯುತ್ತವೆ.

ಎಲ್ಲಕ್ಕಿಂತ ಮುಖ್ಯವಾದವು 800, 16 ಮತ್ತು 4. ಹಿತ್ತಿಲಲ್ಲಿ ಬಿಡಿಯಾಗಿ ನಿಲ್ಲುವ, 800 ಚದರ ಅಡಿ ಮೀರದ, 16 ಅಡಿ ಎತ್ತರದ ಎಡಿಯು ಪಕ್ಕ ಮತ್ತು ಹಿಂಬದಿಯ ಗಡಿಯಿಂದ 4 ಅಡಿ ಬಿಟ್ಟಿದ್ದರೆ ಸಿಟಿ ಒಪ್ಪಲೇಬೇಕು. ಲಾಟಿನಲ್ಲಿ ಇಷ್ಟೇ ಭಾಗ ಕಟ್ಟಬೇಕು, ಒಟ್ಟು ನೆಲದಳತೆ ಇಷ್ಟು ಮೀರಬಾರದು, ಇಷ್ಟು ಬಯಲು ಉಳಿಸಬೇಕು ಎಂಬ ಸ್ಥಳೀಯ ನಿಯಮಗಳು ಈ 800 ಚದರ ಅಡಿಯನ್ನು ತಡೆಯುವಂತಿಲ್ಲ. 2022ರ ತಿದ್ದುಪಡಿಯ ನಂತರ ಮುಂಭಾಗದಲ್ಲಿ ಗಡಿಯಿಂದ ಬಿಡಬೇಕಾದ ಜಾಗವನ್ನು, ಅಂದರೆ ಸೆಟ್‌ಬ್ಯಾಕನ್ನು ನೆಪ ಮಾಡಿಕೊಂಡೂ ತಡೆಯುವಂತಿಲ್ಲ.

ಇದರ ಪರಿಣಾಮ ಎಷ್ಟು ದೊಡ್ಡದೆಂದು ಒಂದು ಲೆಕ್ಕದಿಂದ ಗೊತ್ತಾಗುತ್ತದೆ. 50 ಅಡಿ ಅಗಲ, 100 ಅಡಿ ಉದ್ದದ ಲಾಟ್. ಮುಖ್ಯ ಮನೆ ರಸ್ತೆಯ ಕಡೆಯಿಂದ 65 ಅಡಿಗೆ ಮುಗಿಯುತ್ತದೆ, ಹಿತ್ತಿಲಿಗೆ 35 ಅಡಿ ಆಳ ಉಳಿಯುತ್ತದೆ. ಹಿಂದೆ 20 ಅಡಿ, ಮನೆಯಿಂದ 10 ಅಡಿ ಬಿಡಬೇಕೆಂಬ ನಿಯಮವಿದ್ದರೆ ಕಟ್ಟಲು ಸಿಗುವುದು 5 ಅಡಿಯ ಪಟ್ಟಿ. ಅದರಲ್ಲಿ ಸೈಕಲ್ ನಿಲ್ಲಿಸಬಹುದು, ಅಷ್ಟೆ. ಹಿಂದೆ 4 ಅಡಿ ಬಿಟ್ಟರೆ ಸಾಕೆಂದಾದರೆ 21 ಅಡಿ ಆಳ, 42 ಅಡಿ ಅಗಲದ ಜಾಗ ಸಿಗುತ್ತದೆ. ಅದರಲ್ಲಿ 40ಕ್ಕೆ 20ರ ಮನೆ, ಅಂದರೆ ಸರಿಯಾಗಿ 800 ಚದರ ಅಡಿ, ಕೂರುತ್ತದೆ.

800ಕ್ಕಿಂತ ದೊಡ್ಡದು ಬೇಕೆಂದರೆ ಸ್ಥಳೀಯ ನಿಯಮಗಳು ಮತ್ತೆ ಜೀವ ಪಡೆಯುತ್ತವೆ. ಒಂದು ಮಲಗುವ ಕೋಣೆಯವರೆಗಿನ ಎಡಿಯುಗೆ 850, ಅದಕ್ಕಿಂತ ಹೆಚ್ಚು ಕೋಣೆಯಿದ್ದರೆ 1,000 ಚದರ ಅಡಿಗಿಂತ ಕೆಳಗೆ ಸಿಟಿ ಗರಿಷ್ಠ ಮಿತಿ ಇಡುವಂತಿಲ್ಲ. ಅನೇಕ ಕಡೆ 1,200ರವರೆಗೂ ಅವಕಾಶವಿದೆ. ಆದರೆ ಇಲ್ಲಿ ನೆಲದಳತೆಯ ಅನುಪಾತ, ಗೋಡೆ-ಚಾವಣಿಯ ವಿನ್ಯಾಸದ ಷರತ್ತು ಎಲ್ಲವೂ ಅನ್ವಯವಾಗಬಹುದು. 800ರಲ್ಲಿ ನಿಂತ ಅರ್ಜಿಗೂ 950ಕ್ಕೆ ಹೋದ ಅರ್ಜಿಗೂ ಕಾನೂನಿನ ರಕ್ಷಣೆ ಒಂದೇ ಅಲ್ಲ. ಹೆಚ್ಚುವರಿ 150 ಚದರ ಅಡಿಗಾಗಿ ಈ ರಕ್ಷಣೆಯಿಂದ ಹೊರಗೆ ಬರುವುದು ಇಕ್ಕಟ್ಟಾದ ಲಾಟುಗಳಲ್ಲಿ ಸರಿಯಾದ ಲೆಕ್ಕಾಚಾರವಲ್ಲ.

ಎತ್ತರದ ವಿಷಯ. ದೊಡ್ಡ ಸಾರಿಗೆ ನಿಲ್ದಾಣದಿಂದ ಅರ್ಧ ಮೈಲಿ ನಡಿಗೆಯೊಳಗಿದ್ದರೆ 16ರ ಬದಲು 18 ಅಡಿ, ಚಾವಣಿಯ ಇಳಿಜಾರು ಮುಖ್ಯ ಮನೆಯದರ ಜೊತೆ ಹೊಂದಿಕೊಳ್ಳಲು ಇನ್ನೂ 2 ಅಡಿ. ಮನೆಗೆ ಅಂಟಿಕೊಂಡ ಎಡಿಯುಗೆ 25 ಅಡಿ ಅಥವಾ ಆ ವಲಯದ ಮಿತಿ, ಎರಡರಲ್ಲಿ ಕಡಿಮೆಯದು. 16 ಅಡಿಯಲ್ಲಿ ನೆಮ್ಮದಿಯಾಗಿ ಎರಡು ಅಂತಸ್ತು ಬರುವುದಿಲ್ಲ. 20ರಲ್ಲಿ ಬಿಗಿಯಾಗಿ ಬರುತ್ತದೆ.

ಪಾರ್ಕಿಂಗ್ ಬಗ್ಗೆ ಕಾಯ್ದೆ ನೇರವಾಗಿದೆ. ಅತಿ ಹೆಚ್ಚೆಂದರೆ ಒಂದು ಕಾರಿನ ಜಾಗ ಕೇಳಬಹುದು. ಅರ್ಧ ಮೈಲಿ ನಡಿಗೆಯೊಳಗೆ ಬಸ್ಸೋ ರೈಲೋ ಇದ್ದರೆ ಅದನ್ನೂ ಕೇಳುವಂತಿಲ್ಲ. ಗ್ಯಾರೇಜನ್ನೇ ಎಡಿಯು ಮಾಡಿದರೆ ಕಳೆದುಹೋದ ಪಾರ್ಕಿಂಗಿಗೆ ಬದಲಿ ಜಾಗ ಕೇಳುವಂತಿಲ್ಲ. ಮಾಲೀಕರು ಅಲ್ಲೇ ವಾಸವಿರಬೇಕೆಂಬ ಷರತ್ತನ್ನು ಮೊದಲು 2025ರವರೆಗೆ ಮಾತ್ರ ಅಮಾನತು ಮಾಡಲಾಗಿತ್ತು. 2023ರ ಎಬಿ 976 ಅದನ್ನು ಎಡಿಯುಗಳಿಗೆ ಶಾಶ್ವತವಾಗಿ ತೆಗೆದುಹಾಕಿತು. ಒಂಟಿ ಮನೆಗಳ ಬಡಾವಣೆಯ ಮನೆಮಾಲೀಕರ ಸಂಘ ತನ್ನ ಕರಾರು ತೋರಿಸಿ "ಇಲ್ಲಿ ಹಿತ್ತಿಲ ಮನೆ ನಿಷೇಧ" ಎಂದರೆ 2019ರ ಎಬಿ 670ರ ಪ್ರಕಾರ ಆ ಷರತ್ತು ಊರ್ಜಿತವಲ್ಲ. ಸಂಘ ಬಣ್ಣ, ಚಾವಣಿಯ ಹೆಂಚಿನಂಥ ವಿಷಯಗಳಲ್ಲಿ ಸಮಂಜಸವಾದ ನಿಯಮ ಹೇಳಬಹುದು, ಕಟ್ಟುವುದನ್ನೇ ನಿಲ್ಲಿಸಲಾಗದು.

ಸಿಟಿಯ ಎಡಿಯು ನಿಯಮಾವಳಿ ರಾಜ್ಯದ ಕಾಯ್ದೆಗೆ ಹೊಂದದಿದ್ದರೆ ಅದು ಶೂನ್ಯ. ಸರಿಪಡಿಸುವವರೆಗೆ ರಾಜ್ಯದ ಮಾನದಂಡವೇ ನೇರವಾಗಿ ಅನ್ವಯ. ಇದು ಕಾಗದದ ಮೇಲಿನ ಬೆದರಿಕೆಯಲ್ಲ. ಎಡಿಯು ಅರ್ಜಿಗಳನ್ನು ತೆಗೆದುಕೊಳ್ಳುವುದನ್ನೇ ನಿಲ್ಲಿಸಲು ಹಂಟಿಂಗ್ಟನ್ ಬೀಚ್ ಹೊರಟಾಗ 2023ರ ಮಾರ್ಚ್‌ನಲ್ಲಿ ರಾಜ್ಯ ಸರ್ಕಾರ ಅದರ ಮೇಲೆ ಮೊಕದ್ದಮೆ ಹೂಡಿತು.

ಅರವತ್ತು ದಿನ, ಮತ್ತು "ಪೂರ್ಣ" ಎಂಬ ಪದ

ಎಡಿಯು ಕಾನೂನಿನ ಬೆನ್ನೆಲುಬು ಅಳತೆಗಳಲ್ಲಿಲ್ಲ, ಅನುಮೋದನೆಯ ಬಗೆಯಲ್ಲಿದೆ. ಅರ್ಜಿ ನಿಯಮಕ್ಕೆ ಸರಿಯಿದ್ದರೆ ಅಧಿಕಾರಿ ಒಪ್ಪಲೇಬೇಕು. ಅವರ ವಿವೇಚನೆಗೆ ಅಲ್ಲಿ ಜಾಗವಿಲ್ಲ. ಸಾರ್ವಜನಿಕ ವಿಚಾರಣೆ ಇಲ್ಲ, ನೆರೆಯವರ ತಕರಾರಿಗೆ ಮತವಿಲ್ಲ, "ಬೀದಿಯ ಸೊಬಗಿಗೆ ಹೊಂದುವುದಿಲ್ಲ" ಎಂಬ ಅಭಿಪ್ರಾಯಕ್ಕೆ ಬೆಲೆಯಿಲ್ಲ. ಪೂರ್ಣ ಅರ್ಜಿ ಕೈಸೇರಿದ 60 ದಿನಗಳಲ್ಲಿ ಒಪ್ಪಬೇಕು ಇಲ್ಲವೇ ತಿರಸ್ಕರಿಸಬೇಕು. ಎರಡೂ ಮಾಡದಿದ್ದರೆ ಅರ್ಜಿ ಒಪ್ಪಿಗೆಯಾದಂತೆ. ತಿರಸ್ಕರಿಸಿದರೆ ಅದೇ ಗಡುವಿನೊಳಗೆ ಕೊರತೆಗಳೇನು, ಸರಿಪಡಿಸುವುದು ಹೇಗೆ ಎಂಬುದನ್ನು ಸಂಪೂರ್ಣವಾಗಿ ಬರಹದಲ್ಲಿ ಕೊಡಬೇಕು. ಈ ಗಡುವು ಪ್ಲಾನಿಂಗ್ ವಿಭಾಗಕ್ಕಷ್ಟೇ ಅಲ್ಲ, ಕಟ್ಟಡ ವಿಭಾಗಕ್ಕೂ ಪರಿಶೀಲನೆಯಲ್ಲಿ ಕೈಯಿರುವ ನೀರು, ಒಳಚರಂಡಿಯಂಥ ಸಂಸ್ಥೆಗಳಿಗೂ ಸೇರಿದ್ದು.

ಕಗ್ಗಂಟು ಇರುವುದು "ಪೂರ್ಣ" ಎಂಬ ಪದದಲ್ಲಿ. ಮಣ್ಣಿನ ವರದಿ ಇಲ್ಲ, ಇಂಧನ ಲೆಕ್ಕದ ಹಾಳೆಗೆ ಸಹಿ ಇಲ್ಲ, ಮರಗಳ ನಕ್ಷೆ ಇಲ್ಲ ಎಂದು ಒಂದೊಂದಾಗಿ ಕೇಳುತ್ತ ಹೋದರೆ ಗಡಿಯಾರ ಶುರುವಾಗುವುದೇ ಇಲ್ಲ. 2025ರಲ್ಲಿ ಬಂದ ಎಸ್‌ಬಿ 543 ಇದಕ್ಕೊಂದು ತಡೆ ಹಾಕಿದೆ: ಅರ್ಜಿ ಪೂರ್ಣವೋ ಅಲ್ಲವೋ ಎಂಬುದನ್ನು 15 ಕೆಲಸದ ದಿನಗಳಲ್ಲಿ ಹೇಳಬೇಕು. ಇದರ ಲಾಭ ಸಿಗಬೇಕಾದರೆ ಅರ್ಜಿದಾರರ ಕಡೆಯಿಂದಲೂ ಶಿಸ್ತು ಬೇಕು. ಸಿಟಿಯ ಅರ್ಜಿ ಪಟ್ಟಿಯನ್ನು ಮುದ್ರಿಸಿಕೊಂಡು ಪ್ರತಿ ಸಾಲಿಗೂ ಯಾವ ಹಾಳೆ ಎಂದು ಗುರುತು ಹಾಕಿ. ಸಲ್ಲಿಸಿದ ದಿನದ ರಸೀದಿ ಇಟ್ಟುಕೊಳ್ಳಿ. ಕೌಂಟರಿನಲ್ಲಿ ಬಾಯಿಮಾತಿನಲ್ಲಿ ಹೇಳಿದ್ದನ್ನು ಅದೇ ದಿನ ಇಮೇಲಿನಲ್ಲಿ ಬರೆದು ದೃಢಪಡಿಸಿಕೊಳ್ಳಿ. ಬಾಯಿಮಾತಿನ "ಆಗೋದಿಲ್ಲ" ತಿರಸ್ಕಾರವೇ ಅಲ್ಲ. ಅದಕ್ಕೆ ಹೆದರಿ ಅರ್ಜಿಯನ್ನೇ ಹಾಕದೆ ಬಿಟ್ಟವರಿಗೆ ಕಾಯ್ದೆ ಯಾವ ಸಹಾಯವನ್ನೂ ಮಾಡಲಾರದು.

ಮೊದಲೇ ಒಪ್ಪಿಗೆಯಾದ ನಕ್ಷೆಗಳ ಯೋಜನೆಯೂ ಇದೆ. ಎಬಿ 1332ರ ಪ್ರಕಾರ 2025ರ ಜನವರಿ 1ರೊಳಗೆ ಸ್ಥಳೀಯ ಸಂಸ್ಥೆಗಳು ಇದನ್ನು ಆರಂಭಿಸಬೇಕಿತ್ತು. ಈಗಿನ ಕಟ್ಟಡ ಸಂಹಿತೆಯಡಿ ಒಪ್ಪಿಗೆ ಪಡೆದ ನಕ್ಷೆ ಬಳಸಿದರೆ ಗಡುವು 60ರಿಂದ 30 ದಿನಕ್ಕೆ ಇಳಿಯುತ್ತದೆ. ಆದರೆ ಆ ನಕ್ಷೆ ಹೇಳುವುದು ಮನೆಯ ಬಗ್ಗೆ ಮಾತ್ರ. ಲಾಟಿನಲ್ಲಿ ಅದು ಎಲ್ಲಿ ಕೂರುತ್ತದೆ, ಆ ಮಣ್ಣಿಗೆ ತಳಪಾಯ ಎಂಥದು, ಪೈಪು ಎಲ್ಲಿಂದ ಬರುತ್ತದೆ ಎಂಬುದಕ್ಕೆ ಬೇರೆ ಹಾಳೆಗಳು ಬೇಕೇ ಬೇಕು. "ರೆಡಿ ಪ್ಲಾನ್ ಇದೆ, ಇನ್ನೇನು ಖರ್ಚಿಲ್ಲ" ಎಂಬ ಜಾಹೀರಾತು ಅರ್ಧಸತ್ಯ.

ಚಿಕ್ಕ ತಮ್ಮ: ಜೆಎಡಿಯು

ಊರಿಂದ ಬರುವ ಅಪ್ಪ-ಅಮ್ಮನಿಗೆ ವರ್ಷದ ಆರು ತಿಂಗಳು ಸ್ವಂತ ಜಾಗ ಬೇಕು ಎಂಬುದಷ್ಟೇ ಅಗತ್ಯವಾದರೆ ಹಿತ್ತಿಲನ್ನು ಅಗೆಯಬೇಕಾಗಿಲ್ಲ. ಮನೆಯ ಗೋಡೆಗಳೊಳಗೇ, ಅಂಟಿಕೊಂಡ ಗ್ಯಾರೇಜನ್ನೂ ಸೇರಿಸಿ, 500 ಚದರ ಅಡಿ ಮೀರದ ಜೂನಿಯರ್ ಎಡಿಯು (ಜೆಎಡಿಯು) ಮಾಡಬಹುದು. ಸ್ವಂತ ಬಾಗಿಲು, ಪುಟ್ಟ ಅಡುಗೆಮನೆ ಬೇಕು. ಬಚ್ಚಲು ಮುಖ್ಯ ಮನೆಯದನ್ನೇ ಹಂಚಿಕೊಳ್ಳಬಹುದು. ಮಾಲೀಕರ ವಾಸದ ಷರತ್ತು ಜೆಎಡಿಯುಗೆ ಬಹುಕಾಲ ಉಳಿದಿತ್ತು. 2025ರ ಎಬಿ 1154 ಅದನ್ನು ಬಚ್ಚಲು ಹಂಚಿಕೊಳ್ಳುವ ಸಂದರ್ಭಕ್ಕೆ ಮಾತ್ರ ಸೀಮಿತಗೊಳಿಸಿತು. ಒಂಟಿ ಮನೆಯ ಲಾಟಿನಲ್ಲಿ ಇದ್ದ ಜಾಗವನ್ನೇ ಪರಿವರ್ತಿಸಿದ ಒಂದು ಎಡಿಯು, ಹೊಸದಾಗಿ ಕಟ್ಟಿದ ಬಿಡಿ ಎಡಿಯು, ಒಂದು ಜೆಎಡಿಯು, ಮೂರನ್ನೂ ಒಟ್ಟಿಗೆ ಮಾಡಬಹುದೆಂದು ರಾಜ್ಯದ ವಸತಿ ಇಲಾಖೆ ಕಾಯ್ದೆಯನ್ನು ವ್ಯಾಖ್ಯಾನಿಸಿದೆ. ಮುಂದೆ ಬಿಡಿ ಮನೆ ಕಟ್ಟುವ ಆಸೆಯನ್ನು ಜೆಎಡಿಯು ಕಸಿದುಕೊಳ್ಳುವುದಿಲ್ಲ.

ಬೇರೆ ರಾಜ್ಯಗಳಲ್ಲಿ ಈ ಅಂಕಿಗಳು ನಡೆಯುವುದಿಲ್ಲ. ಮ್ಯಾಸಚೂಸೆಟ್ಸ್‌ನಲ್ಲಿ 2025ರ ಫೆಬ್ರವರಿ 2ರಿಂದ ಒಂಟಿ ಮನೆಗಳ ವಲಯದಲ್ಲಿ 900 ಚದರ ಅಡಿ ಅಥವಾ ಮುಖ್ಯ ಮನೆಯ ಅರ್ಧ, ಎರಡರಲ್ಲಿ ಚಿಕ್ಕದು, ಹಕ್ಕಾಗಿ ಸಿಗುತ್ತದೆ. ವಾಷಿಂಗ್ಟನ್ ರಾಜ್ಯದ 2023ರ ಎಚ್‌ಬಿ 1337 ನಗರ ಬೆಳವಣಿಗೆಯ ಗಡಿಯೊಳಗಿನ ಲಾಟಿಗೆ ಎರಡು ಎಡಿಯು ಒಪ್ಪುತ್ತದೆ, 1,000 ಚದರ ಅಡಿಗಿಂತ ಕೆಳಗೆ ಮಿತಿ ಇಡಬಾರದೆನ್ನುತ್ತದೆ. ಆರಿಗನ್ 2019ರಲ್ಲಿ ಮಾಲೀಕರ ವಾಸ ಮತ್ತು ಹೆಚ್ಚುವರಿ ಪಾರ್ಕಿಂಗ್ ಎರಡೂ ಷರತ್ತುಗಳನ್ನು ತೆಗೆದಿತ್ತು. ಟೆಕ್ಸಸ್‌ನಲ್ಲಿ ಇಂಥ ರಾಜ್ಯಮಟ್ಟದ ಬಲವಂತವಿಲ್ಲ, ಸಿಟಿಯ ನಿಯಮವೇ ಕೊನೆ. ಆಸ್ಟಿನ್ 2023ರಲ್ಲಿ ಒಂದು ಲಾಟಿಗೆ ಮೂರು ಮನೆ ಒಪ್ಪಿಕೊಂಡದ್ದು ತನ್ನದೇ ತೀರ್ಮಾನದಿಂದ. ಇನ್ನು ಮುಂದೆ ಹೇಳುವ ನೆಲದೊಳಗಿನ ತೊಡಕುಗಳು ಮಾತ್ರ ಸಣ್ಣಪುಟ್ಟ ವ್ಯತ್ಯಾಸ ಬಿಟ್ಟರೆ ಎಲ್ಲ ಕಡೆಯೂ ಎದುರಾಗುತ್ತವೆ.

ನಾಲ್ಕು ಅಡಿ ಮತ್ತು ಐದು ಅಡಿಯ ನಡುವೆ

ವಲಯ ನಿಯಮ 4 ಅಡಿ ಸಾಕೆನ್ನುತ್ತದೆ. ಕಟ್ಟಡ ಸಂಹಿತೆ ಬೇರೆ ಪುಸ್ತಕ, ಅದು 5 ಅಡಿಯ ಭಾಷೆಯಲ್ಲಿ ಮಾತಾಡುತ್ತದೆ. ಸ್ಪ್ರಿಂಕ್ಲರ್ (ಬೆಂಕಿ ಬಿದ್ದಾಗ ತಾನೇ ನೀರು ಚಿಮ್ಮುವ ವ್ಯವಸ್ಥೆ) ಇಲ್ಲದ ಮನೆಯ ಹೊರಗೋಡೆ ಗಡಿಯಿಂದ 5 ಅಡಿಗಿಂತ ಹತ್ತಿರವಿದ್ದರೆ ಆ ಗೋಡೆ ಒಂದು ಗಂಟೆ ಬೆಂಕಿ ತಡೆಯುವಂತಿರಬೇಕು. ಅಂದರೆ ಒಳಗೆ ಸಾಮಾನ್ಯವಾಗಿ 5/8 ಇಂಚಿನ ಟೈಪ್ ಎಕ್ಸ್ ಜಿಪ್ಸಂ ಹಲಗೆ, ಹೊರಗೆ ಪರೀಕ್ಷೆಯಾದ ಜೋಡಣೆಯಂತೆ ಇನ್ನೊಂದು ಪದರ ಅಥವಾ ಸ್ಟಕ್ಕೊ ಗಾರೆ. 3ರಿಂದ 5 ಅಡಿಯ ನಡುವೆ ಆ ಗೋಡೆಯ ಶೇ. 25ಕ್ಕಿಂತ ಹೆಚ್ಚು ಕಿಟಕಿ-ಬಾಗಿಲು ಇರುವಂತಿಲ್ಲ. 3 ಅಡಿಗಿಂತ ಹತ್ತಿರವಾದರೆ ಒಂದು ಕಿಂಡಿಯೂ ಇಲ್ಲ. ಸೂರಿಗೂ ಇದೇ ಲೆಕ್ಕ: ಗೋಡೆ 4 ಅಡಿಯಲ್ಲಿದ್ದು ಸೂರು ಒಂದು ಅಡಿ ಚಾಚಿದರೆ ಅದರ ತುದಿ ಗಡಿಯಿಂದ 3 ಅಡಿಗೆ ಬರುತ್ತದೆ, ಅದರ ಕೆಳಮೈ ಬೆಂಕಿ ತಡೆಯುವಂತಿರಬೇಕು. 2 ಅಡಿಗಿಂತ ಹತ್ತಿರಕ್ಕೆ ಚಾಚುವಂತೆಯೇ ಇಲ್ಲ.

ಇದರಿಂದ ಏಳುವ ತೀರ್ಮಾನ ಸರಳ. ಜಾಗವಿದ್ದರೆ 4 ಅಡಿಗೆ ಒತ್ತಬೇಡಿ, 5 ಅಡಿ ಬಿಡಿ. ಒಂದು ಅಡಿ ಬಿಟ್ಟುಕೊಟ್ಟರೆ ಗೋಡೆಯ ಖರ್ಚೂ ಇಳಿಯುತ್ತದೆ, ಕಿಟಕಿಗೂ ಸ್ವಾತಂತ್ರ್ಯ ಸಿಗುತ್ತದೆ. ಮುಖ್ಯ ಮನೆ ಮತ್ತು ಎಡಿಯು ನಡುವೆಯೂ ಸಂಹಿತೆ ಒಂದು ಕಾಲ್ಪನಿಕ ಗೆರೆ ಎಳೆದು ಇದೇ ನಿಯಮ ಹಚ್ಚುತ್ತದೆ. ಎರಡರ ನಡುವೆ 10 ಅಡಿ ಇದ್ದರೆ ಎರಡೂ ಗೋಡೆಗಳು ನಿರಾಳ.

ಅಳೆಯುವುದು ಎಲ್ಲಿಂದ ಎಂಬುದು ಇನ್ನೊಂದು ಎಡವಟ್ಟು. ಸೆಟ್‌ಬ್ಯಾಕ್ ಲೆಕ್ಕ ಆಸ್ತಿಯ ಗಡಿಯಿಂದ, ಬೇಲಿಯಿಂದಲ್ಲ. ಹಳೆಯ ಬಡಾವಣೆಗಳಲ್ಲಿ ಬೇಲಿ ಗಡಿಯಿಂದ ಒಂದು ಅಡಿ ಆಚೀಚೆ ಸರಿದಿರುವುದು ತೀರಾ ಸಾಮಾನ್ಯ. ಬೇಲಿ ನಂಬಿ 4 ಅಡಿ ಬಿಟ್ಟು ತಳಪಾಯಕ್ಕೆ ಅಚ್ಚು ಕಟ್ಟಿದ ಮೇಲೆ ಇನ್‌ಸ್ಪೆಕ್ಟರ್ ಸರ್ವೇಯರ್ ಪತ್ರ ಕೇಳಿದರೆ ಕಾಂಕ್ರೀಟ್ ಲಾರಿಯನ್ನು ವಾಪಸ್ ಕಳಿಸಬೇಕಾಗುತ್ತದೆ. ಗಡಿಗೆ ಹತ್ತಿರ ಕಟ್ಟುವವರು ಸರ್ವೆ ಖರ್ಚನ್ನು ಉಳಿಸಲು ಹೋಗಬಾರದು.

ಮನೆ ಕೊಂಡಾಗ ಬಂದ ಟೈಟಲ್ (ಆಸ್ತಿ ಹಕ್ಕಿನ) ವರದಿಯನ್ನು ಒಮ್ಮೆ ತೆರೆದು, ಆ ಜಾಗ ಬಳಸಲು ಬೇರೆಯವರಿಗಿರುವ ಹಕ್ಕು, ಅಂದರೆ ಈಸ್‌ಮೆಂಟ್ ಇದೆಯೇ ನೋಡಿ. ಹಿಂಬದಿಯ ಬೇಲಿಯುದ್ದಕ್ಕೂ ವಿದ್ಯುತ್ ತಂತಿಗೋ ಮಳೆನೀರಿನ ಕೊಳವೆಗೋ ಮೀಸಲಾದ ಪಟ್ಟಿ ಇದ್ದರೆ ಅದರ ಮೇಲೆ ಮನೆ ಕಟ್ಟಲಾಗದು. 4 ಅಡಿಯ ಹಕ್ಕು ವಲಯ ನಿಯಮದ ವಿರುದ್ಧ ಮಾತ್ರ, ಬೇರೆಯವರ ಈಸ್‌ಮೆಂಟಿನ ವಿರುದ್ಧವಲ್ಲ. ಹಾಗೆಯೇ ಅಗ್ನಿಶಾಮಕ ವಾಹನ ನಿಲ್ಲುವ ದಾರಿಯಿಂದ ಮನೆಯ ಹೊರಗೋಡೆಯ ಪ್ರತಿ ಮೂಲೆಗೂ ನಡೆದು ಹೋಗುವ ಹಾದಿ 150 ಅಡಿ ಮೀರಬಾರದು. ಆಳವಾದ ಲಾಟುಗಳಲ್ಲಿ ಇದು ಸುಲಭವಾಗಿ ಮೀರುತ್ತದೆ. ಆಗ ಸ್ಪ್ರಿಂಕ್ಲರ್ ಹಾಕಿಸಿ ದಾರಿ ಹುಡುಕಬೇಕಾಗಬಹುದು. ಮುಖ್ಯ ಮನೆಗೆ ಸ್ಪ್ರಿಂಕ್ಲರ್ ಕಡ್ಡಾಯವಿಲ್ಲದಿದ್ದರೆ ಎಡಿಯುಗೂ ಇಲ್ಲ ಎಂಬ ರಾಜ್ಯದ ನಿಯಮವನ್ನು ನೆಚ್ಚಿ ಕೂತವರಿಗೆ ಈ ದೂರದ ಲೆಕ್ಕ ಕೊನೆಯಲ್ಲಿ ಬಂದು ಬಡಿಯುತ್ತದೆ.

ನೀರು ಇಳಿಯುವ ದಿಕ್ಕಿಗೆ ಇಳಿಯಲೇಬೇಕು

ಎಡಿಯು ಯೋಜನೆಗಳಲ್ಲಿ ಬಜೆಟ್ ಒಡೆಯುವ ಒಂದೇ ವಿಷಯ ಹೇಳಿ ಎಂದರೆ ಸೀವರ್ ಎನ್ನಬೇಕು. ಪೈಪು ಅಡಿಗೆ ಕಾಲು ಇಂಚಿನಂತೆ ಇಳಿಯಬೇಕು. ಹಿತ್ತಿಲ ಬಚ್ಚಲಿನಿಂದ ಮುಖ್ಯ ಮನೆಯ ಪೈಪಿಗೆ ಸೇರುವ ಜಾಗ 60 ಅಡಿ ದೂರವಿದ್ದರೆ 15 ಇಂಚು ಇಳಿತ ಬೇಕು, 80 ಅಡಿಯಾದರೆ 20 ಇಂಚು. ಮುಖ್ಯ ಪೈಪು ಅಷ್ಟು ಆಳದಲ್ಲಿಲ್ಲದಿದ್ದರೆ, ಅಥವಾ ಹಿತ್ತಿಲು ರಸ್ತೆಗಿಂತ ತಗ್ಗಿನಲ್ಲಿದ್ದರೆ, ಕೊಳಚೆಯನ್ನು ಮೇಲೆತ್ತುವ ಪಂಪು ಇಡಬೇಕು. ಪಂಪಿಗೆ ಗುಂಡಿ, ವಿದ್ಯುತ್, ಎಚ್ಚರಿಕೆ ಗಂಟೆ, ಆಗಾಗ ರಿಪೇರಿ. ಕರೆಂಟು ಹೋದಾಗ ಬಳಸುವಂತಿಲ್ಲ. ಆದ್ದರಿಂದ ವಾಸ್ತುಶಿಲ್ಪಿಗೆ ಮುಂಗಡ ಕೊಡುವ ಮೊದಲು ಪ್ಲಂಬರ್ ಕರೆಸಿ ಸೀವರಿನೊಳಗೆ ಕ್ಯಾಮೆರಾ ಬಿಡಿಸಿ, ಪೈಪು ಎಲ್ಲಿದೆ, ಎಷ್ಟು ಆಳದಲ್ಲಿದೆ, ಯಾವುದರಿಂದ ಮಾಡಿದ್ದು ಎಂದು ನೆಲದ ಮೇಲೆ ಬಣ್ಣದಿಂದ ಗುರುತು ಹಾಕಿಸಿ. ಹಳೆಯ ಮಣ್ಣಿನ ಪೈಪಿನ ಕೀಲುಗಳಲ್ಲಿ ಮರದ ಬೇರು ನುಗ್ಗಿದ್ದರೆ ರಸ್ತೆಯವರೆಗೂ ಹೊಸ ಪೈಪು ಹಾಕುವ ಖರ್ಚು ಸೇರುತ್ತದೆ. ಅದು ಆಗಲೇ ಗೊತ್ತಾಗುವುದು ಒಳ್ಳೆಯದು.

ಸೆಪ್ಟಿಕ್ ಟ್ಯಾಂಕ್ ಇರುವ ಕಡೆ ನೀರು ಇಂಗುವ ಪರೀಕ್ಷೆಯನ್ನು ಸ್ಥಳೀಯ ಆಡಳಿತ ಕೇಳಬಹುದು: ಕಳೆದ 5 ವರ್ಷದೊಳಗೆ ಮಾಡಿದ್ದು, ಅಥವಾ ಮರುಪ್ರಮಾಣೀಕರಿಸಿದ್ದರೆ 10 ವರ್ಷದೊಳಗಿನದು.

ವಿದ್ಯುತ್ತಿನ ಕಥೆಯೂ ಹೀಗೇ. ಹಳೆಯ ಮನೆಗಳ ಪ್ಯಾನೆಲ್ 100 ಆಂಪಿಯರಿನದು. ಎಡಿಯುಗೆ ಹೀಟ್ ಪಂಪು, ವಿದ್ಯುತ್ ನೀರು ಕಾಯಿಸುವ ಯಂತ್ರ, ಇಂಡಕ್ಷನ್ ಒಲೆ ಸೇರಿಸಿ ಲೋಡ್ ಲೆಕ್ಕ ಹಾಕಿದರೆ ಅದು ಸಾಲುವುದು ಕಷ್ಟ. 200 ಆಂಪಿಯರಿಗೆ ಏರಿಸಬೇಕೆಂದರೆ ಎಲೆಕ್ಟ್ರಿಷಿಯನ್ ಕೆಲಸ ಒಂದೆರಡು ದಿನದ್ದು, ವಿದ್ಯುತ್ ಕಂಪನಿಯ ಕಡೆಯ ಕೆಲಸ ಮಾತ್ರ ತಿಂಗಳುಗಟ್ಟಲೆ ಕಾಯಿಸಬಹುದು. ಮನೆ ಪೂರ್ತಿ ಮುಗಿದು ಬೀಗ ಹಾಕಿ ಕರೆಂಟಿಗಾಗಿ ಕಾಯುತ್ತ ಕೂರುವ ಪಾಡು ಬೇಡವೆಂದರೆ ಸಿಟಿಗೆ ಅರ್ಜಿ ಹಾಕುವ ದಿನವೇ ವಿದ್ಯುತ್ ಕಂಪನಿಗೂ ಅರ್ಜಿ ಹಾಕಬೇಕು. ಎಷ್ಟೋ ಸಲ ಏರಿಸುವ ಅಗತ್ಯವೇ ಬರದಂತೆ, ಎರಡು ದೊಡ್ಡ ಉಪಕರಣಗಳು ಒಟ್ಟಿಗೆ ಓಡದಂತೆ ತಡೆಯುವ ಲೋಡ್ ನಿರ್ವಹಣಾ ಸಾಧನ ಸಾಕಾಗುತ್ತದೆ. ನೆಲದಡಿಯ ಪಿವಿಸಿ ಕೊಳವೆಗೆ 18 ಇಂಚು ಆಳ ಬೇಕು. ನೀರು, ವಿದ್ಯುತ್, ಇಂಟರ್ನೆಟ್ ಕೊಳವೆಗಳಿಗೆ ಒಂದೇ ಬಾರಿ ಅಗೆಸಿ, ಅವುಗಳ ನಡುವೆ ಬಿಡಬೇಕಾದ ಅಂತರವನ್ನು ಮೊದಲೇ ಕೇಳಿಕೊಂಡು.

ಹೊಸದಾಗಿ ಕಟ್ಟುವ ಬಿಡಿ ಎಡಿಯುಗೆ ರಾಜ್ಯದ ಇಂಧನ ಸಂಹಿತೆ ಸೌರಫಲಕಗಳನ್ನೂ ಕೇಳುತ್ತದೆ. ತೀರಾ ಚಿಕ್ಕ ಮನೆಗಳಿಗೆ ವಿನಾಯಿತಿ ಸಿಗಬಹುದು. ಇದ್ದ ಕಟ್ಟಡವನ್ನು ಪರಿವರ್ತಿಸಿದರೆ ಈ ಬಾಧ್ಯತೆ ಇಲ್ಲ.

ಗ್ಯಾರೇಜು ಅಗ್ಗವೆಂಬ ನಂಬಿಕೆ

ಇದ್ದ ಗ್ಯಾರೇಜನ್ನು ಇದ್ದ ಜಾಗದಲ್ಲೇ, ಅದೇ ಅಳತೆಯಲ್ಲಿ ಪರಿವರ್ತಿಸಿದರೆ ಅಥವಾ ಕೆಡವಿ ಮರಳಿ ಕಟ್ಟಿದರೆ ಸೆಟ್‌ಬ್ಯಾಕ್ ಬೇಡ. ಗಡಿಗೇ ಅಂಟಿಕೊಂಡ ಹಳೆಯ ಗ್ಯಾರೇಜುಗಳಿಗೆ ಇದು ವರ. ಆದರೆ ಗ್ಯಾರೇಜು ಕಟ್ಟಿದ್ದು ಕಾರಿಗೆ. ಅದರ ನೆಲ ದೊಡ್ಡ ಬಾಗಿಲಿನ ಕಡೆಗೆ ಇಳಿಜಾರಾಗಿರುತ್ತದೆ, ಸಮ ಮಾಡಲು ಮೇಲೊಂದು ಪದರ ಬೇಕು. ಕಾಂಕ್ರೀಟಿನ ಕೆಳಗೆ ತೇವ ತಡೆಯುವ ಹಾಳೆ ಇರುವುದು ಅಪರೂಪ, ಇಲ್ಲದಿದ್ದರೆ ನೆಲಹಾಸು ಒಂದೆರಡು ಮಳೆಗಾಲದಲ್ಲಿ ಉಬ್ಬುತ್ತದೆ. ದೊಡ್ಡ ಬಾಗಿಲಿನ ಜಾಗದಲ್ಲಿ ಗೋಡೆ ಕಟ್ಟಬೇಕು, ಅದರ ಕೆಳಗೆ ತಳಪಾಯವೇ ಇರುವುದಿಲ್ಲ. ಅಲ್ಲಿ ನೆಲ ಕತ್ತರಿಸಿ ಹೊಸ ಪಾಯ ಹಾಕಬೇಕು. ನೆಲ ಏರಿಸಿ, ಚಾವಣಿಗೆ ಶಾಖನಿರೋಧಕ ತುಂಬಿದ ಮೇಲೂ 7 ಅಡಿ ಎತ್ತರ ಉಳಿಯಬೇಕು. ಈ ಲೆಕ್ಕವನ್ನು ಕಾಗದದ ಮೇಲೆ ಮೊದಲು ಮಾಡಬೇಕು.

ಗಡಿಯ ಕಡೆ ಕಿಟಕಿ ಇಡುವಂತಿಲ್ಲವೆಂದು ಮೇಲೆ ನೋಡಿದೆವು. ಆದರೆ ಮಲಗುವ ಜಾಗಕ್ಕೆ ಬೆಂಕಿಯಲ್ಲಿ ಹೊರಬರುವ ಕಿಟಕಿ ಕಡ್ಡಾಯ: ತೆರೆದಾಗ 5.7 ಚದರ ಅಡಿ, ನೆಲಮಟ್ಟದಲ್ಲಾದರೆ 5 ಚದರ ಅಡಿ. ಎತ್ತರ ಕನಿಷ್ಠ 24 ಇಂಚು, ಅಗಲ ಕನಿಷ್ಠ 20 ಇಂಚು, ಕೆಳಅಂಚು ನೆಲದಿಂದ 44 ಇಂಚು ಮೀರದಂತೆ. 24ಕ್ಕೆ 20 ಇಟ್ಟರೆ ಸಿಗುವುದು 3.3 ಚದರ ಅಡಿ ಮಾತ್ರ. ಕನಿಷ್ಠಗಳನ್ನು ಎರಡೂ ಒಟ್ಟಿಗೆ ಹಿಡಿದರೆ ಕಿಟಕಿ ಪಾಸಾಗುವುದಿಲ್ಲ, ಸಿಟಿ ನಕ್ಷೆಯನ್ನು ಪರಿಶೀಲಿಸುವ ಪ್ಲಾನ್ ಚೆಕ್‌ನಲ್ಲಿ ಪದೇ ಪದೇ ಸಿಕ್ಕಿಬೀಳುವ ತಪ್ಪಿದು. ಗ್ಯಾರೇಜಿನ ಎರಡು ಬದಿ ಗಡಿಗೆ ತಾಗಿದ್ದರೆ ಉಳಿದ ಎರಡು ಬದಿಗಳಲ್ಲೇ ಬಾಗಿಲು, ಬೆಳಕು, ಈ ಕಿಟಕಿ ಎಲ್ಲ ಕೂರಬೇಕು.

749ರ ಗುಟ್ಟು

ಮಾರುಕಟ್ಟೆಯಲ್ಲಿ ಸಿಗುವ ಎಷ್ಟೋ ನಕ್ಷೆಗಳು 749 ಚದರ ಅಡಿಯವು. 750ಕ್ಕಿಂತ ಕಡಿಮೆಯಿದ್ದರೆ ಉದ್ಯಾನ, ರಸ್ತೆ ಮುಂತಾದವುಗಳ ಹೆಸರಿನ ಇಂಪ್ಯಾಕ್ಟ್ ಶುಲ್ಕ ಹಾಕುವಂತಿಲ್ಲ ಎಂಬ ಕಾನೂನಿನಿಂದ ಬಂದ ಅಳತೆ ಅದು. ಮೀರಿದರೆ ಶುಲ್ಕ ಮುಖ್ಯ ಮನೆಯ ಅಳತೆಯ ಅನುಪಾತದಲ್ಲಿ: ಮುಖ್ಯ ಮನೆ 2,000 ಚದರ ಅಡಿ, ಎಡಿಯು 1,000 ಆದರೆ ಹೊಸ ಮನೆಯ ಶುಲ್ಕದ ಅರ್ಧ. ಮುಖ್ಯ ಮನೆ ಚಿಕ್ಕದಾದಷ್ಟೂ ಈ ಅನುಪಾತ ಏರುತ್ತದೆ, 1,100 ಚದರ ಅಡಿಯ ಹಳೆಯ ಮನೆಯವರು ದೊಡ್ಡ ಎಡಿಯು ಕಟ್ಟಿದರೆ ಹೆಚ್ಚುಕಡಿಮೆ ಪೂರ್ತಿ ಶುಲ್ಕ. ಪ್ಲಾನ್ ಚೆಕ್ ಶುಲ್ಕ, ಪರ್ಮಿಟ್ ಶುಲ್ಕ, ನೀರು-ಸೀವರ್ ಸಂಪರ್ಕದ ಶುಲ್ಕಗಳು ಈ ವಿನಾಯಿತಿಯೊಳಗೆ ಬರುವುದಿಲ್ಲ. ಶಾಲಾ ಜಿಲ್ಲೆಯ ಶುಲ್ಕಕ್ಕೆ ಗೆರೆ ಬೇರೆ, 500 ಚದರ ಅಡಿ.

ಆಸ್ತಿ ತೆರಿಗೆಯ ಭಯ ಅಷ್ಟು ಬೇಡ. ಆಸ್ತಿಯ ತೆರಿಗೆ ಮೌಲ್ಯ ಒಮ್ಮೆಲೇ ಏರದಂತೆ ತಡೆಯುವ ರಾಜ್ಯದ ಪ್ರಾಪೊಸಿಷನ್ 13ರ ರಕ್ಷಣೆ ಮುಖ್ಯ ಮನೆಗೆ ಹಾಗೇ ಉಳಿಯುತ್ತದೆ, ಹೊಸದಾಗಿ ಸೇರಿದ ಎಡಿಯುವಿನ ಮೌಲ್ಯ ಮಾತ್ರ ಮೇಲೆ ಕೂಡುತ್ತದೆ. ಅದು 2,00,000 ಡಾಲರ್ ಎಂದು ನಿಗದಿಯಾದರೆ ಮೂಲದರ ಶೇ. 1ರಂತೆ ವರ್ಷಕ್ಕೆ 2,000 ಡಾಲರ್ ಮತ್ತು ಸ್ಥಳೀಯ ಸೇರ್ಪಡೆಗಳು. ಬಾಡಿಗೆಗೆ ಕೊಡುವುದಾದರೆ ದಿನಬಾಡಿಗೆಯ ಕನಸು ಬಿಡಬೇಕು, 30 ದಿನಕ್ಕಿಂತ ಹೆಚ್ಚಿನ ಅವಧಿಗೇ ಎಂದು ಸಿಟಿಗಳು ಷರತ್ತು ಹಾಕಬಹುದು. ಎಡಿಯುವನ್ನು ಮುಖ್ಯ ಮನೆಯಿಂದ ಬೇರ್ಪಡಿಸಿ ಮಾರುವಂತಿಲ್ಲ ಎಂಬುದೇ ಸಾಮಾನ್ಯ ನಿಯಮ. 2023ರ ಎಬಿ 1033 ಸಿಟಿಗಳು ಬಯಸಿದರೆ ಕಾಂಡೋ (ಒಂದೇ ಆಸ್ತಿಯಲ್ಲಿ ಪ್ರತ್ಯೇಕ ಮಾಲೀಕತ್ವದ ಮನೆ) ರೀತಿಯಲ್ಲಿ ಮಾರಲು ಬಿಡಬಹುದೆಂದಿತು, ಸ್ಯಾನ್ ಹೊಸೆ ಮೊದಲು ಮುಂದೆ ಬಂತು. ಅದು ಸಿಟಿಯ ಇಚ್ಛೆಗೆ ಬಿಟ್ಟ ವಿಷಯ, ಎಲ್ಲ ಕಡೆ ಸಿಗುವುದಿಲ್ಲ.

ಮನೆ ಕೊಳ್ಳುವಾಗಲೇ ಪರ್ಮಿಟ್ ಇಲ್ಲದ ಹಿತ್ತಿಲ ಮನೆ ಜೊತೆಗೆ ಬಂದಿದ್ದರೆ? 2020ರ ಮೊದಲು ಕಟ್ಟಿದ್ದಾದರೆ ಎಬಿ 2533 ಸಕ್ರಮದ ದಾರಿ ತೆರೆದಿದೆ. ಈಗಿನ ಸಂಹಿತೆಗೆ ಹೊಂದುವುದಿಲ್ಲ ಎಂಬ ಒಂದೇ ಕಾರಣಕ್ಕೆ ನಿರಾಕರಿಸುವಂತಿಲ್ಲ. ವಾಸಕ್ಕೆ ಅಪಾಯಕಾರಿಯಾದ ದೋಷಗಳನ್ನು ಮಾತ್ರ ಸರಿಪಡಿಸಬೇಕು. ಸಿಟಿಗೆ ಹೋಗುವ ಮೊದಲು ಪರವಾನಗಿ ಇರುವ ಕಂಟ್ರಾಕ್ಟರಿಂದ ಗುಟ್ಟಾಗಿ ತಪಾಸಣೆ ಮಾಡಿಸಿಕೊಂಡು, ಏನು ಕೇಳಬಹುದೆಂದು ತಿಳಿದೇ ಅರ್ಜಿ ಹಾಕಬಹುದು. ಮುಖ್ಯ ಮನೆಯ ಹಳೆಯ ತಪ್ಪುಗಳಿಗೂ ಹೀಗೊಂದು ಮಿತಿಯಿದೆ: ಎಡಿಯುಗೆ ಸಂಬಂಧವಿಲ್ಲದ, ಅಪಾಯವಿಲ್ಲದ ಹಳೆಯ ಉಲ್ಲಂಘನೆಯನ್ನು ತೋರಿಸಿ "ಮೊದಲು ಅದನ್ನು ಸರಿಪಡಿಸಿ" ಎಂದು ಎಡಿಯು ಅರ್ಜಿಯನ್ನು ತಡೆಹಿಡಿಯುವಂತಿಲ್ಲ.

ಕೊನೆಗೆ ಕರಾರು. ಕ್ಯಾಲಿಫೋರ್ನಿಯಾದ ಕಾನೂನಿನಲ್ಲಿ ಮನೆ ಸುಧಾರಣೆಯ ಕರಾರಿಗೆ ಮುಂಗಡದ ಮಿತಿ ಒಟ್ಟು ಮೊತ್ತದ ಶೇ. 10 ಅಥವಾ 1,000 ಡಾಲರ್, ಎರಡರಲ್ಲಿ ಕಡಿಮೆಯದು. ಅದರ ನಂತರದ ಪ್ರತಿ ಪಾವತಿ ಆಗಿ ಮುಗಿದ ಕೆಲಸಕ್ಕೆ ಅಥವಾ ಬಂದು ಬಿದ್ದ ಸಾಮಾನಿಗೆ ಸರಿಸಮನಾಗಿರಬೇಕು. "ಫ್ಯಾಕ್ಟರಿಯಲ್ಲಿ ಜಾಗ ಕಾಯ್ದಿರಿಸಲು 30,000 ಕೊಡಿ" ಎಂದು ಕೇಳುವವರಿಗೆ ಈ ನಿಯಮ ತೋರಿಸಿ. 40,000 ಡಾಲರ್ ರಾಜ್ಯದ ಸಹಾಯಧನ ಕೊಡಿಸುತ್ತೇವೆ ಎಂದು ಹಿಡಿದುಕೊಳ್ಳುವವರೂ ಇದ್ದಾರೆ. ಆ ಯೋಜನೆ ನಿಜವಾಗಿಯೂ ಇತ್ತು, ಅದಕ್ಕಿಟ್ಟ ಹಣ ಮುಗಿದಿದೆ. ಪರವಾನಗಿ ಸಂಖ್ಯೆಯನ್ನು ಕಂಟ್ರಾಕ್ಟರುಗಳ ರಾಜ್ಯ ಮಂಡಳಿಯ ಜಾಲತಾಣದಲ್ಲಿ ಹಾಕಿ, ಹೆಸರು, ಬಾಂಡು, ಕಾರ್ಮಿಕರ ವಿಮೆ ಮೂರೂ ಚಾಲ್ತಿಯಲ್ಲಿವೆಯೇ ನೋಡಿ, ಆಮೇಲೆ ಸಹಿ ಹಾಕಿ.